ವಾಡೆಯಲ್ಲಿ ಏನಿಡಬೇಕು?

ನಮ್ಮ ಕೋಲಾರದ ಸೀಮೆಯಲ್ಲಿ ಹಿಂದೆ ರಾಗಿಗೆ ಮೂರು ನೆಲೆಗಳಿದ್ದುವು. ವರ್ಷದ ದಾಸ್ತಾನು ಹಗೇವಿನಲ್ಲಿ. ತಿಂಗಳ ಖರ್ಚಿನದು ಮನೆಯ ವಾಡೆಯಲ್ಲಿ. ನಾಳೆಯ ಮುದ್ದೆಯ ಹಿಟ್ಟು ಅಡಿಗೆಮನೆಯ ಮಡಕೆಯಲ್ಲಿ. ಯಾವುದು ಎಲ್ಲಿರಬೇಕೆಂಬುದನ್ನು ಗೃಹಿಣಿಯೇ ನಿಶ್ಚಯಿಸುತ್ತಿದ್ದಳು.

ಗಣಕಜಾಲದ ವಿಜ್ಞಾನಿಗಳನ್ನು ಕಾಡುತ್ತಿರುವುದೂ ಇದೇ ಪ್ರಶ್ನೆಯೆಂದರೆ ವಾಚಕರು ನಗಬಹುದು. ಆದರೆ ಸಂಗತಿ ನಿಜ. ಹೋಳೂರಿನ ಹುಡುಗನೊಬ್ಬ ಮೊಬೈಲಿನಲ್ಲಿ ಹಾಡೊಂದನ್ನು ತೆರೆದರೆ ಅದು ಪ್ರತಿ ಸಲವೂ ಅಮೆರಿಕದಿಂದಲೇ ಬರಬೇಕಾಗಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ, ನಿಜ. ಆದರೂ ಕೋಟ್ಯಂತರ ಜನ ಒಂದೇ ದಾರಿಗೆ ನುಗ್ಗಿದರೆ ಅದು ಕಿಕ್ಕಿರಿಯದೆ ಇದ್ದೀತೆ? ಆದುದರಿಂದ ನಡುವಿನ ಊರುಗಳಲ್ಲಿ ಯಂತ್ರಗಳನ್ನಿರಿಸಿ ಪ್ರತಿಗಳನ್ನು ಶೇಖರಿಸುತ್ತಾರೆ. ಈ ಉಗ್ರಾಣಕ್ಕೆ ‘ಕ್ಯಾಶ್’ ಎಂದು ಹೆಸರು. 1998ರಲ್ಲಿ ಎಂ.ಐ.ಟಿ.ಯ ಗಣಿತಜ್ಞ ಟಾಮ್ ಲೇಟನ್ನರೂ ಅವರ ಶಿಷ್ಯ ಡೇನಿಯಲ್ ಲೂಯಿನ್ನರೂ ಸ್ಥಾಪಿಸಿದ ಅಕಮಾಯ್ ಸಂಸ್ಥೆ ಇದನ್ನೇ ಉದ್ಯಮವಾಗಿಸಿತು. 2023ರ ನವೆಂಬರ್ 19ರಂದು ಕ್ರಿಕೆಟ್ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ವೀಕ್ಷಕರು ನೋಡಲು ಸಾಧ್ಯವಾದುದು ಇಂಥ ಏರ್ಪಾಡುಗಳ ಬಲದಿಂದ.

ತೊಡಕು ಇರುವುದು ಬೇರೆಡೆ. ವಾಡೆ ಚಿಕ್ಕದು, ಎಲ್ಲವನ್ನೂ ಇಡಲಾಗದು. ಗಣಕದ ನೆನಪಿನ ವಿಷಯದಲ್ಲಿ ಐ.ಬಿ.ಎಂ.ನ ಬೆಲಾಡಿ 1966ರಲ್ಲಿಯೇ ಒಂದು ಸೂತ್ರ ಹೇಳಿದರು: ಎಲ್ಲಕ್ಕಿಂತ ತಡವಾಗಿ ಮತ್ತೆ ಬೇಕಾಗುವುದನ್ನು ಹೊರಹಾಕಿರಿ. ಸೂತ್ರವೇನೋ ಸರಿ, ನಾಳೆಯನ್ನು ಬಲ್ಲವರಾರು? ಆದುದರಿಂದ ನಿನ್ನೆ ಬಹುಜನ ಬೇಡಿದುದನ್ನೇ ನಾಳೆಗೆಂದು ಹತ್ತಿರ ಇಡುವುದು ವಾಡಿಕೆ.

2020ರಲ್ಲಿ ಕಾಲೇಜುಗಳು ಮುಚ್ಚಿದಾಗ ನಾನು ಹಳಗನ್ನಡದ ಪಾಠಗಳನ್ನು ಚಿತ್ರೀಕರಿಸಿ ಕಳುಹಿಸುತ್ತಿದ್ದೆ. ವಿದ್ಯಾರ್ಥಿನಿಯೊಬ್ಬಳು ಹೇಳಿದಳು: “ಸಾರ್, ಸಿನಿಮಾ ಹಾಡು ತಕ್ಷಣ ಬರುತ್ತೆ. ನಿಮ್ಮ ಪಾಠ ಮಾತ್ರ ನಿಂತು ನಿಂತು ಬರುತ್ತೆ.” ಸಿಗ್ನಲ್ಲಿನ ದೋಷವೂ ಇದ್ದೀತು. ಆದರೆ ಮೂವತ್ತೇ ಮಂದಿ ನೋಡುವ ಪಾಠಕ್ಕೆ ವಾಡೆಯಲ್ಲಿ ಜಾಗವೆಲ್ಲಿಯದು?

ಉಪಾಯ ಇಲ್ಲದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲಿ ಒಂದೊಂದು ಉಗ್ರಾಣವಿದೆಯೆಂದು ಊಹಿಸಿಕೊಳ್ಳಿ. ಮೂರರಲ್ಲಿಯೂ ಅದದೇ ಹಾಡುಗಳನ್ನು ತುಂಬುವ ಬದಲು, ಅತಿ ಬೇಡಿಕೆಯ ಕೆಲವನ್ನು ಮೂರೂ ಕಡೆ ಇಟ್ಟು, ಉಳಿದುದನ್ನು ಹಂಚಿಕೊಂಡರೆ, ಒಂದರಲ್ಲಿಲ್ಲದುದನ್ನು ನೆರೆಯದರಿಂದ ಕಡ ತರಬಹುದು. ಎಷ್ಟು ಜನ ಕೇಳಿದರೆಂಬುದರ ಜೊತೆಗೆ, ಇಲ್ಲವಾದರೆ ಎಷ್ಟು ದೂರದಿಂದ ತರಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಬಹುದು.

ನಮ್ಮ ತಾಯಂದಿರು ಇದನ್ನು ಬಲ್ಲರು. ಓಮ ದಿನವೂ ಬೇಕಾಗುವುದಿಲ್ಲ. ಆದರೂ ಅದರ ಡಬ್ಬಿ ಕೈಗೆಟಕುವಲ್ಲೇ ಇರುತ್ತದೆ. ಮಗುವಿಗೆ ಹೊಟ್ಟೆನೋವು ಬಂದ ರಾತ್ರಿ ಅಂಗಡಿಯ ಬಾಗಿಲು ಮುಚ್ಚಿರುತ್ತದೆಯಲ್ಲವೆ?