ಓದುತ್ತ ದುಡಿಮೆ

"ಮಗಳಿಗಿ ಕಾಲೇಜಿಗಿ ಕಳಸಬೇಕಂದ್ರ ರೊಕ್ಕ ಎಲ್ಲಿ ಅದರಿ, ಟೀಚರ್?"

ಹುಮನಾಬಾದ, ಬಸವಕಲ್ಯಾಣದ ತಾಯಂದಿರು ನಮ್ಮನ್ನು ಹೀಗೆ ಕೇಳುತ್ತಾರೆ. ಅಕ್ಕಂದಿರೇ, ಮಗಳ ಓದು ಬಿಡಿಸುವ ಮೊದಲು ಒಂದು ದಾರಿ ತಿಳಿಯೋಣ.

ಪಕ್ಕದ ಮಹಾರಾಷ್ಟ್ರದಲ್ಲಿ ಸಾತಾರಾ ಎಂಬ ಊರಿದೆ. ಅಲ್ಲಿ ಭಾವುರಾವ್ ಪಾಟೀಲರು ಬಡ ಮಕ್ಕಳಿಗಾಗಿ ವಸತಿಗೃಹ ನಡೆಸಿದರು. ಮಕ್ಕಳ ಊಟಕ್ಕೆ ಹಣವಿಲ್ಲದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನೇ ಕೊಟ್ಟರು. 1947ರಲ್ಲಿ ಪಾಟೀಲರು ಅಲ್ಲಿ ಕಾಲೇಜು ತೆರೆದರು. ಬಡ ಹುಡುಗರು ಅಲ್ಲಿ ದುಡಿಯುತ್ತ ಓದಿದರು.

ಈಗಲೂ ಕೆಲವು ಕಾಲೇಜುಗಳಲ್ಲಿ ಇಂಥ ಕೆಲಸ ಕೊಡುತ್ತಾರೆ. ಪಾಠ ಮುಗಿದ ಮೇಲೆ ಒಂದೆರಡು ತಾಸು ಕೆಲಸ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು. ಕಚೇರಿಯಲ್ಲಿ ಕಾಗದ ಬರೆಯುವುದು. ಗಿಡಗಳಿಗೆ ನೀರು ಹಾಕುವುದು. ದುಡಿದಷ್ಟು ತಾಸಿಗೆ ಹಣ ಸಿಗುತ್ತದೆ.

ಎಲ್ಲ ಕಾಲೇಜಿನಲ್ಲೂ ಇದು ಇಲ್ಲ. ನಾವೇ ಹೋಗಿ ಕೇಳಬೇಕು. ದಿನಕ್ಕೆ ಎಷ್ಟು ತಾಸು? ತಾಸಿಗೆ ಎಷ್ಟು ರೂಪಾಯಿ? ಪಾಠ ತಪ್ಪುತ್ತದೆಯೇ? ಕೆಲಸ ಮುಗಿದ ಮೇಲೆ ಊರಿಗೆ ಬಸ್ಸು ಇದೆಯೇ? ಪಾಠ ತಪ್ಪುವ ಕೆಲಸ ಬ್ಯಾಡ. ಓದು ಮೊದಲು, ದುಡಿಮೆ ಆಮೇಲೆ.

ಸರ್ಕಾರದ ವಿದ್ಯಾರ್ಥಿವೇತನ ಬೇರೆ. ಅದಕ್ಕೆ ದುಡಿಯಬೇಕಿಲ್ಲ. ಅರ್ಜಿ ಹಾಕಬೇಕು. ಮಂಜೂರಾದ ಹಣ ಮಗಳ ಬ್ಯಾಂಕ್ ಖಾತೆಗೆ ಬರುತ್ತದೆ. ಅರ್ಜಿಯ ಕೊನೆಯ ದಿನ ಯಾವುದೆಂದು ಕಾಲೇಜಿನಲ್ಲೇ ಕೇಳಿರಿ.

ಮಗಳ ಜೊತೆ ನೀವೂ ಕಾಲೇಜಿಗೆ ಹೋಗಿರಿ. ಅವರು ಕೊಟ್ಟ ಕಾಗದ ಓದಿರಿ. ತಿಳಿಯದಿದ್ದರೆ ಕೇಳಿರಿ. ಆಮೇಲೆ ಸಹಿ ಮಾಡಿರಿ. ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗೀತು.