ತೆಗೆದದ್ದನ್ನು ತಿರುಗಿ ಹಚ್ಚಲಾಗದು

ನಮ್ಮ ಬೇಸಿಗೆ ಶಿಬಿರದ ಮಕ್ಕಳು ಕಳೆದ ವರ್ಷ ದಾವೀದ ಮತ್ತು ಯೋನಾತಾನರ ಗೆಳೆತನದ ಕಥೆಯನ್ನು ನಾಟಕವಾಗಿ ಆಡಬೇಕೆಂದು ತೀರ್ಮಾನಿಸಿದರು. ಆಗ ಮೊದಲು ಎದ್ದ ಪ್ರಶ್ನೆ ಬಿಲ್ಲಿನದು. ಸಮುವೇಲನ ಮೊದಲನೆಯ ಗ್ರಂಥದ 18ನೇ ಅಧ್ಯಾಯದಲ್ಲಿ ಅರಸ ಸೌಲನ ಮಗ ಯೋನಾತಾನ ತನ್ನ ಬಿಲ್ಲನ್ನೇ ಗೆಳೆಯ ದಾವೀದನಿಗೆ ಕೊಟ್ಟುಬಿಡುತ್ತಾನೆ. 20ನೇ ಅಧ್ಯಾಯದಲ್ಲಿ ಬಾಣ ಹೊಡೆದು ಸಂಕೇತ ಮಾಡಿ ಅವನ ಪ್ರಾಣ ಉಳಿಸುತ್ತಾನೆ. ಬಿಲ್ಲಿಲ್ಲದೆ ಈ ನಾಟಕವೇ ಇಲ್ಲ. ಅಂಗಡಿಯ ಪ್ಲಾಸ್ಟಿಕ್ ಬಿಲ್ಲನ್ನು ತಂದು ತೋರಿಸಿದರೆ ಮಕ್ಕಳೇ ನಕ್ಕರು.

ಅದೇ ದಿನಗಳಲ್ಲಿ ಪರಿಚಯದ ಕುಟುಂಬವೊಂದರ ಕರೆಯ ಮೇರೆಗೆ ಒಂದು ವಾರ ದರಿಬಡಚಿಗೆ ಹೋಗಿದ್ದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲ್ಲೂಕಿನ ಹಳ್ಳಿಯದು. ನಮ್ಮ ವಿಜಯಪುರದ ಗಡಿಗೆ ಹತ್ತಿರದ ಸೀಮೆ. ಸರ್ಕಾರಿ ಕಾಗದ ಮರಾಠಿಯಲ್ಲಿ ಬಂದರೂ ಕಟ್ಟೆಯ ಮೇಲಿನ ಮಾತು ಕನ್ನಡ. ಮಳೆ ಕಡಿಮೆ, ಬೇವು ಜಾಲಿಗಳ ನೆರಳು ಕಡಿಮೆ, ಆದರೆ ಜನರ ಆದರಕ್ಕೆ ಕೊರತೆಯಿಲ್ಲ. ಆ ಮನೆಯ ಹಿರಿಯರು ಬಡಿಗತನದವರು. ಹರೆಯದಲ್ಲಿ ಗಾಡಿ, ಕುಂಟೆ, ಕೂರಿಗೆ ಮಾಡಿದ ಕೈ. ಊರೂರು ತಿರುಗಿ ಹತ್ತಿ, ಉಣ್ಣೆ ಹಿಂಜುತ್ತಿದ್ದ ಪಿಂಜಾರರ ಬಿಲ್ಲುಗಳನ್ನೂ ರಿಪೇರಿ ಮಾಡಿಕೊಡುತ್ತಿದ್ದರಂತೆ. ನನ್ನ ಬಿಲ್ಲಿನ ಚಿಂತೆ ಕೇಳಿ ಅಜ್ಜ ನಕ್ಕರು. “ಅದಕ್ಯಾಕ ಪೇಟಿಗೆ ಹೋಗ್ತೀರಿ ಫಾದರ್? ಮಾಡೂಣು ಬರ್ರಿ” ಎಂದರು.

ಎರಡು ಸೀಳು, ಇಬ್ಬರು ವಿದ್ಯಾರ್ಥಿಗಳು

ಅಟ್ಟದ ಮೇಲಿಂದ ಎರಡು ಉದ್ದನೆಯ ಸೀಳುಗಳು ಕೆಳಗಿಳಿದವು. ದಡಸಲು ಮರದವು. ಮರಾಠಿಯಲ್ಲಿ ಧಾಮಣ ಎನ್ನುತ್ತಾರೆ. ಘಟ್ಟದ ಕಾಡಿನ ಮರ. ಬಾಗುತ್ತದೆ, ಬಿಟ್ಟರೆ ಮರಳಿ ನೆಟ್ಟಗಾಗುತ್ತದೆ. ಆದ್ದರಿಂದಲೇ ಕೊಡಲಿ ಕಾವು, ಹೊರೆ ಹೊರುವ ಅಡ್ಡೆ, ಬಿಲ್ಲು ಮುಂತಾದವಕ್ಕೆ ಹೆಸರಾದದ್ದು. ಗಾಡಿಗೆಂದು ತಂದು ಉಳಿದದ್ದು ಎಷ್ಟೋ ವರ್ಷ ಒಣಗಿ ಕುಳಿತಿತ್ತು. ಒಂದು ನನಗೆ, ಇನ್ನೊಂದು ಅವರ ಹದಿಮೂರು ವರ್ಷದ ಮೊಮ್ಮಗನಿಗೆ. ಹುಡುಗನ ತಂದೆತಾಯಿ ಪ್ರತಿವರ್ಷ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಹೋಗುತ್ತಾರೆ. ಅವನು ಅಜ್ಜನ ಬಳಿ ಉಳಿದು ಶಾಲೆಗೆ ಹೋಗುತ್ತಾನೆ. ಮಾತು ಕಡಿಮೆ. ಆದರೆ ಪಕ್ಕದ ಸಾತಾರಾ ಜಿಲ್ಲೆಯ ಸರಡೆ ಎಂಬ ಹಳ್ಳಿಯ ಪ್ರವೀಣ್ ಜಾಧವ್ ಅವರ ಹೆಸರು ಎತ್ತಿದರೆ ಕಣ್ಣು ಅರಳುತ್ತಿತ್ತು. ಕೂಲಿಕಾರರ ಮಗನಾಗಿ ಹುಟ್ಟಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಬಿಲ್ಲು ಹಿಡಿದವರು ಅವರು.

ಅಜ್ಜನ ಮೊದಲ ಪಾಠ ಸರಳವಾಗಿತ್ತು. ಬಿಲ್ಲಿಗೆ ಬೆನ್ನೂ ಇದೆ, ಹೊಟ್ಟೆಯೂ ಇದೆ. ಹೊಡೆಯುವವನ ಕಡೆಗಿರುವುದು ಹೊಟ್ಟೆ, ಆಚೆಗಿರುವುದು ಬೆನ್ನು. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬೆನ್ನಿನ ಮೇಲೆ ಮರದ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಡಾಗದೆ ಹರಿಯಬೇಕು. ಅಲ್ಲಿ ಒಂದು ಎಳೆ ಕಡಿದರೂ ಸಿಬಿರು ಎದ್ದು ಬಿಲ್ಲು ಮುರಿಯುತ್ತದೆ. ಆದ್ದರಿಂದ ಬೆನ್ನಿಗೆ ಬಾಚಿ ತಾಗಿಸಬಾರದು. ಕೆತ್ತುವುದೆಲ್ಲ ಹೊಟ್ಟೆಯ ಕಡೆ. ನಡುವೆ ಹಿಡಿಯುವ ಜಾಗ ದಪ್ಪ, ಅಲ್ಲಿಂದ ಎರಡೂ ತುದಿಗಳತ್ತ ಸ್ವಲ್ಪ ಸ್ವಲ್ಪವೇ ತೆಳುವು.

ಎರಡು ದಿನ ಬಾಚಿ, ಆಮೇಲೆ ಉಜ್ಜುಗೊರಡು, ಅರ, ಕೊನೆಗೆ ಒಡೆದ ಗಾಜಿನ ಚೂರು. ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಹುಡುಗ ಅಜ್ಜ ಹೇಳಿದಷ್ಟೇ ಕೆತ್ತುತ್ತಿದ್ದ. ನಾನೋ, ಪುಸ್ತಕ ಓದಿದವನು. ಗುರುಮಠದಲ್ಲಿ ಹತ್ತಾರು ವರ್ಷ ಕಲಿತವನಿಗೆ ಒಂದು ಕೋಲು ಕೆತ್ತುವುದು ಯಾವ ಲೆಕ್ಕ ಎಂಬ ಭಾವ. “ಫಾದರ್, ಸಾವಕಾಶ. ತಗದದ್ದು ತಿರುಗಿ ಹಚ್ಚಾಕ ಬರಂಗಿಲ್ಲ” ಎಂದು ಅಜ್ಜ ಮೇಲಿಂದ ಮೇಲೆ ಹೇಳುತ್ತಿದ್ದರು.

ಬಾಗಲು ಕಲಿಸುವುದು

ಬಿಲ್ಲು ಮಾಡುವುದರಲ್ಲಿ ಕಷ್ಟದ ಕೆಲಸ ಕೆತ್ತುವುದಲ್ಲ, ಬಾಗಲು ಕಲಿಸುವುದು. ತುದಿಗಳಲ್ಲಿ ಕಚ್ಚು ಮಾಡಿ ಪುಂಡಿ ನಾರಿನ ಹುರಿಯನ್ನು ಸಡಿಲವಾಗಿ ಕಟ್ಟುತ್ತಾರೆ. ಗೋಡೆಗೆ ಬಡಿದ ಗೂಟದ ಮೇಲೆ ಬಿಲ್ಲಿನ ನಡುವನ್ನಿಟ್ಟು ಹುರಿಯನ್ನು ಕೆಳಗೆ ಜಗ್ಗುತ್ತಾರೆ. ಮೊದಲು ನಾಲ್ಕೇ ಬೆರಳು. ದೂರ ನಿಂತು ನೋಡಿದರೆ ಎರಡೂ ತೋಳುಗಳು ಒಂದೇ ಸಮ ಬಾಗಬೇಕು. ಎಲ್ಲಿ ಬಿಗಿಯೋ ಅಲ್ಲಿ ಸ್ವಲ್ಪ ಹೆರೆಯಬೇಕು. ಹೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಜಗ್ಗಿ ಬಿಟ್ಟು ಮರಕ್ಕೆ ರೂಢಿ ಮಾಡಿಸಬೇಕು. ಆಮೇಲೆ ಒಂದು ಗೇಣು. ಎಲ್ಲಾದರೂ ಒಂದು ಕಡೆ ಹೆಚ್ಚು ಬಾಗಿದರೆ ಆ ಜಾಗವನ್ನು ಮತ್ತೆ ಮುಟ್ಟುವಂತಿಲ್ಲ. ಅದು ಬಲಹೀನವಾಗಿದೆ ಎಂದರ್ಥ. ಉಳಿದ ಭಾಗವನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು. ಗಟ್ಟಿಯಾದದ್ದು ಸೋತದ್ದಕ್ಕೆ ಹೊಂದಿಕೊಳ್ಳಬೇಕೇ ಹೊರತು ಸೋತದ್ದನ್ನು ಗಟ್ಟಿಯಾಗು ಎಂದು ಗದರಿಸಿದರೆ ಆಗುವುದಿಲ್ಲ.

ನಾಲ್ಕನೆಯ ದಿನಕ್ಕೆ ಹುಡುಗನ ಬಿಲ್ಲು ಎರಡೂ ಕಡೆ ಚಂದವಾಗಿ ಬಾಗುತ್ತಿತ್ತು. ಆದರೆ ಅರ್ಧದಷ್ಟು ಮಾತ್ರ. ನನ್ನದರ ಒಂದು ತೋಳು ಕಬ್ಬಿಣದ ಹಾಗೆ ಬಿಗಿದು ನಿಂತಿತ್ತು. ಅಂದು ಸಂಜೆ ಹುಡುಗ ನೀರು ತರಲು ಹೋಗಿದ್ದ, ಅಜ್ಜ ಕಟ್ಟೆಗೆ ಹೋಗಿದ್ದರು. ಓಣಿಯ ಮಕ್ಕಳು ಬಂದು, “ಫಾದರ್, ಬಿಲ್ಲು ತೋರಸ್ರಿ” ಎಂದರು. ನನ್ನದನ್ನು ತೋರಿಸಲು ನಾಚಿಕೆ. ಹುಡುಗನ ಬಿಲ್ಲನ್ನೆತ್ತಿ ಹುರಿ ಬಿಗಿದೆ. ಮಕ್ಕಳ ಮುಂದೆ ಅರ್ಜುನನಂತೆ ನಿಂತು ಕಿವಿಯವರೆಗೆ ಎಳೆದೆ.

ಫಟ್ ಎಂದಿತು. ಕೈಯಲ್ಲಿ ಉಳಿದದ್ದು ಅರ್ಧ ಬಿಲ್ಲು.

ನೀರು ತಂದ ಹುಡುಗ ಕೊಡ ಇಳಿಸಿ ಎರಡೂ ತುಂಡುಗಳನ್ನು ನೋಡಿದ. “ಇರ್ಲಿ ಬಿಡ್ರಿ ಫಾದರ್” ಎಂದು ಒಳಗೆ ಹೋದ. ಅವನು ಅತ್ತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅಜ್ಜನ ಬಳಿ ಹೋಗಿ ತಪ್ಪಾಯಿತು ಎಂದೆ. ಅವರು ಬಯ್ಯಲಿಲ್ಲ. “ನನ್ನ ಕೇಳಿದ್ರ ಏನು ಬಂತ್ರಿ? ಬಿಲ್ಲು ಅವಂದು. ಅವನ್ನ ಕೇಳ್ರಿ” ಎಂದರಷ್ಟೆ.

ವರ್ಷಗಟ್ಟಲೆ ಪಾಪನಿವೇದನೆಯ ಪೀಠದಲ್ಲಿ ಕುಳಿತು ಇತರರ ತಪ್ಪೊಪ್ಪಿಗೆ ಕೇಳಿದ್ದೇನೆ. ಹದಿಮೂರರ ಹುಡುಗನ ಮುಂದೆ ನಿಂತು, “ತಮ್ಮಾ, ದೊಡ್ಡಸ್ತಿಕೆ ತೋರಿಸಲು ಹೋಗಿ ನಿನ್ನ ಬಿಲ್ಲು ಮುರಿದೆ, ಕ್ಷಮಿಸು” ಎನ್ನಲು ನಾಲಿಗೆ ತಡವರಿಸಿತು. ಹೇಳಿದ ಮೇಲೆ ನನ್ನ ಸೀಳನ್ನು ಅವನ ಕೈಗಿಟ್ಟೆ. ಅವನು ಅದನ್ನು ತಿರುಗಿಸಿ ನೋಡಿದ. “ಈ ಕಡೆ ಭಾಳ ದಪ್ಪ ಐತ್ರಿ. ನೀವು ಹಿಡೀರಿ, ನಾ ಹೆರಿತೀನಿ” ಎಂದ. ಅಂದಿನಿಂದ ಅವನು ಗುರು, ನಾನು ಶಿಷ್ಯ. ಉಳಿದ ಮೂರು ದಿನ ಬಿಲ್ಲಿನ ವಿದ್ಯೆ ನಿಜಕ್ಕೂ ನನ್ನ ತಲೆಗೆ ಹತ್ತಿತು. ಕೊನೆಗೆ ಕುಸುಬಿ ಎಣ್ಣೆ ಉಜ್ಜಿ ನೆರಳಲ್ಲಿ ಒಣಗಿಸಿದೆವು. ಅಂಬಿನ ತುದಿಗೆ ಬಟ್ಟೆ ಸುತ್ತಿ, ಯಾರೂ ಎದುರಿಗಿಲ್ಲವೆಂದು ನೋಡಿಕೊಂಡು, ಹುಡುಗ ಹುಲ್ಲಿನ ಹೊರೆಯತ್ತ ಮೊದಲ ಬಾಣ ಬಿಟ್ಟ. ಅಂಬು ಹೂಡದೆ ಬರೀ ಹೆದೆಯನ್ನು ಎಳೆದು ಬಿಡಬಾರದು, ಆ ಹೊಡೆತ ಬಿಲ್ಲಿಗೇ ಬೀಳುತ್ತದೆ ಎಂಬ ಎಚ್ಚರಿಕೆಯನ್ನೂ ಅವನೇ ಕೊಟ್ಟ.

ಹೆದೆ ಇಳಿಸಿದ ಬಿಲ್ಲು

1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿ ಗಡಿಯ ಹಿಮದಲ್ಲಿ ಸುಮಾರು 5,300 ವರ್ಷ ಹಿಂದಿನ ಮನುಷ್ಯನೊಬ್ಬನ ದೇಹ ಸಿಕ್ಕಿದ್ದನ್ನು ನೀವು ಓದಿರಬಹುದು. ‘ಓಟ್ಜಿ’ ಎಂದು ಅವನಿಗೆ ಹೆಸರಿಟ್ಟಿದ್ದಾರೆ. ಅವನ ಬಳಿ 1.82 ಮೀಟರ್ ಉದ್ದದ, ಅವನಿಗಿಂತಲೂ ಎತ್ತರದ ಬಿಲ್ಲೊಂದಿತ್ತು. ಆದರೆ ಅದು ಇನ್ನೂ ಮುಗಿದಿರಲಿಲ್ಲ. ಕೊಡಲಿಯಿಂದ ಕೆತ್ತಿದ ಗುರುತುಗಳು ಇಂದಿಗೂ ಅದರ ಮೇಲಿವೆ. ಅವನೂ ನಮ್ಮಂತೆಯೇ ಒಂದೊಂದು ಚಕ್ಕೆ ತೆಗೆಯುತ್ತಿದ್ದನಲ್ಲ ಎಂದು ನೆನೆದಾಗ ಅವನು ನಮ್ಮೂರಿನವನೇ ಅನಿಸಿತು.

ಹೊರಡುವ ದಿನ ಅಜ್ಜ ಬಿಲ್ಲಿನ ಹೆದೆ ಇಳಿಸಿ ಗೋಡೆಗೆ ತೂಗುಹಾಕಿದರು. ಸದಾ ಹೆದೆಯೇರಿಸಿ ಇಟ್ಟರೆ ಮರ ಬಾಗಿದಂತೆಯೇ ಉಳಿದು ಸತ್ವ ಕಳೆದುಕೊಳ್ಳುತ್ತದೆ. ಆಗ ಗುರುಮಠದಲ್ಲಿ ಕೇಳಿದ ಕಥೆಯೊಂದು ನೆನಪಾಯಿತು. ಈಜಿಪ್ಟಿನ ಮರುಭೂಮಿಯ ಮಠಾಧಿಪತಿ ಸಂತ ಅಂತೋಣಿಯವರದು (ಪದುವಾದವರಲ್ಲ). ಅವರು ಶಿಷ್ಯರೊಡನೆ ನಗುತ್ತಾ ಕುಳಿತದ್ದನ್ನು ಕಂಡು ಬೇಟೆಗಾರನೊಬ್ಬ ಬೇಸರಪಟ್ಟನಂತೆ. ಬಾಣ ಹೂಡಿ ಬಿಲ್ಲನ್ನು ಎಳೆ ಎಂದರು ಅಂತೋಣಿ. ಎಳೆದ. ಇನ್ನೂ ಎಳೆ, ಮತ್ತೂ ಎಳೆ ಎಂದರು. ಹೀಗೆ ಮಿತಿ ಮೀರಿ ಎಳೆದರೆ ಮುರಿಯುತ್ತದಲ್ಲ ಎಂದ ಬೇಟೆಗಾರ. ನನ್ನ ಸಹೋದರರೂ ಹಾಗೆಯೇ, ಅಳತೆ ಮೀರಿ ಎಳೆದರೆ ಬೇಗ ಮುರಿದುಹೋಗುತ್ತಾರೆ ಎಂದು ಸಂತರು ತಿಳಿಹೇಳಿದರಂತೆ.

ಈ ಕಥೆಯನ್ನು ಎಷ್ಟೋ ಸಲ ಪ್ರಬೋಧನೆಯಲ್ಲಿ ಹೇಳಿದ್ದೆ. ಮುರಿದ ಬಿಲ್ಲನ್ನು ಕೈಯಲ್ಲಿ ಹಿಡಿಯುವವರೆಗೆ ಅದು ನನಗೆ ಅರ್ಥವಾಗಿರಲಿಲ್ಲ. ಆ ಬಿಲ್ಲು ಕೆಟ್ಟ ಮರದ್ದಲ್ಲ. ಅರ್ಧಕ್ಕೆ ಮಾತ್ರ ಸಿದ್ಧವಾಗಿತ್ತು, ನಾನು ಪೂರ್ತಿ ಎಳೆದೆ. ಅದೂ ಅದರ ಒಳ್ಳೆಯದಕ್ಕಲ್ಲ, ನಾಲ್ಕು ಜನರ ಮುಂದೆ ನನ್ನ ಹೆಚ್ಚುಗಾರಿಕೆಗೆ. ನಮ್ಮ ಮನೆಗಳಲ್ಲಿ ಅಂಕಪಟ್ಟಿ ಬರುವ ದಿನ, ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಹಾಡು ಹೇಳಿಸುವಾಗ, ಪಕ್ಕದ ಮನೆಯ ಹುಡುಗನ ರ‍್ಯಾಂಕ್ ಹೇಳುವಾಗ, ನಾವು ಎಳೆಯುವುದು ಯಾರಿಗಾಗಿ?

ದಡಸಲಿನ ಬಿಲ್ಲು ದರಿಬಡಚಿಯಲ್ಲಿ, ಅದರ ಒಡೆಯನ ಬಳಿಯೇ ಉಳಿಯಿತು. ನಮ್ಮ ನಾಟಕಕ್ಕೆ ನಾನೇ ಬಿದಿರಿನದೊಂದು ಮಾಡಿದೆ. ಒಂದು ತೋಳು ಕೊಂಚ ಓರೆ. ಯೋನಾತಾನನ ಪಾತ್ರದ ಹುಡುಗ ಅದನ್ನು ದಾವೀದನ ಕೈಗಿಟ್ಟಾಗ ಸಭೆ ಚಪ್ಪಾಳೆ ತಟ್ಟಿತು. ನಾಟಕ ಮುಗಿದೊಡನೆ ನಾನು ಮಾಡಿದ ಮೊದಲ ಕೆಲಸ ಅದರ ಹೆದೆ ಇಳಿಸಿದ್ದು.