ಕೋಟೆಯ ಮಣ್ಣು ಕಲಿಸಿದ ರಸಾಯನ

ಪದವಿಪೂರ್ವ ತರಗತಿಯಲ್ಲಿ ವಿದ್ಯುತ್ ರಸಾಯನದ ಅಧ್ಯಾಯ ಆರಂಭವಾದೊಡನೆ ವಿದ್ಯಾರ್ಥಿಗಳ ಮುಖ ಬಾಡುವುದನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಸತುವಿನ ಪ್ರಮಾಣಿತ ಅಪಕರ್ಷಣ ವಿಭವ ಮೈನಸ್ 0.76 ವೋಲ್ಟ್, ತಾಮ್ರದ್ದು ಪ್ಲಸ್ 0.34, ಬೆಳ್ಳಿಯದು ಪ್ಲಸ್ 0.80. ಭಾಲ್ಕಿ, ಔರಾದ್ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಈ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಕೆಲವರ ಮನೆಮಾತು ಮರಾಠಿ, ಕೆಲವರದು ಉರ್ದು. ಇಂಗ್ಲಿಷಿನ ಪುಸ್ತಕದಲ್ಲಿರುವ ಈ ಅಂಕಿಗಳನ್ನು ಅವರು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಮೈಲೂರಿನ ನನ್ನ ಮನೆಯಿಂದ ಬೀದರ್ ಕೋಟೆ ದೂರವಿಲ್ಲ. ಆ ಅಂಕಿಗಳ ಅರ್ಥವೆಲ್ಲ ಅಲ್ಲಿನ ಮಣ್ಣಿನಲ್ಲಿದೆ ಎಂಬುದು ನನಗೇ ತಡವಾಗಿ ಹೊಳೆಯಿತು.

ಬಿದ್ರಿ ಕಲೆಯನ್ನು ನಾವು ಬೀದರಿನವರು ಅತಿಥಿಗಳಿಗೆ ಕೊಡುವ ಹೂದಾನಿಯಾಗಿ ಮಾತ್ರ ಬಲ್ಲೆವು. ಅದಕ್ಕೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. 2023ರಲ್ಲಿ ಇಲ್ಲಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿತು. ಆದರೆ ರಸಾಯನವಿಜ್ಞಾನದ ತರಗತಿಯೊಳಗೆ ಬಿದ್ರಿಗೆ ಪ್ರವೇಶ ದೊರೆಯಲಿಲ್ಲ.

ಒಮ್ಮೆ ನಾನೇ ಅದನ್ನು ಒಳಗೆ ತರಲು ಹೋಗಿ ಪೇಚಿಗೆ ಸಿಕ್ಕಿದೆ. ಪ್ರಯೋಗಾಲಯದ ಶುದ್ಧ ಸತುವಿನ ಪಟ್ಟಿಯನ್ನು ಬಿಸಿಮಾಡಿ, ಪೆಟ್ಲುಪ್ಪು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದಿ, ‘ಈಗ ಕಪ್ಪಾಗುತ್ತದೆ, ನೋಡಿ’ ಎಂದೆ. ಅದು ಮಂಕು ಬೂದುಬಣ್ಣಕ್ಕೆ ತಿರುಗಿತೇ ಹೊರತು ಕಪ್ಪಾಗಲಿಲ್ಲ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲಗೆ ಹೇಳಿದ: ‘ಸರ್, ಬರೇ ಜಸ್ತ ಕರ್ರಗ ಆಗಂಗಿಲ್ರಿ. ಅದರಾಗ ತಾಮ್ರ ಇರಬೇಕ್ರಿ.’ ಅವನ ತಂದೆ ಬಿದ್ರಿ ಕೆಲಸದವರು. ಕಿರುಪರೀಕ್ಷೆಗಳಲ್ಲಿ ಎಂದೂ ಹತ್ತಂಕ ದಾಟದ ಹುಡುಗ ಅವನು. ಮರುದಿನ ಮನೆಯಿಂದ ಎರಕದ ಒಂದು ತುಣುಕು ತಂದ. ಅದೇ ದ್ರಾವಣದಲ್ಲಿ ಅದು ನಿಮಿಷಗಳಲ್ಲಿ ಕಾಡಿಗೆಯಂತಾಯಿತು. ತರಗತಿ ನಕ್ಕಿತು, ನಾನೂ ನಕ್ಕೆ.

ಬಿದ್ರಿಯ ಎರಕದಲ್ಲಿ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದು ನುಣುಪುಗೊಳಿಸಿದ ಮೇಲೆ ಮೈಗೆ ಮೈಲುತುತ್ತದ ದ್ರಾವಣ ಸವರುತ್ತಾರೆ. ಕೂಡಲೇ ಮೇಲ್ಮೈ ಕಪ್ಪಾಗಿ, ಉಳಿಯಿಂದ ಕೆತ್ತಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ನಮ್ಮ ಪುಸ್ತಕದ ಪಲ್ಲಟ ಕ್ರಿಯೆ ಇದೇ: ಸತು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ದ್ರಾವಣಕ್ಕಿಳಿಯುತ್ತದೆ, ತಾಮ್ರ ಅವನ್ನು ಪಡೆದು ಲೋಹವಾಗಿ ಕೂರುತ್ತದೆ. ಎರಡು ವಿಭವಗಳ ನಡುವಣ 1.10 ವೋಲ್ಟ್ ಅಂತರವೇ ಇದನ್ನು ನಡೆಸುವ ಬಲ. ಆದರೆ ತಾಮ್ರ ಕೆಂಪಲ್ಲವೇ, ಕಪ್ಪೇಕೆ ಎಂದು ಮಕ್ಕಳು ಕೇಳಿದರು. ಕಣಗಳು ತೀರ ಸೂಕ್ಷ್ಮವಾದಾಗ ಲೋಹದ ಹೊಳಪು ಅಡಗಿ ಬೆಳಕು ಹೀರಿಹೋಗುತ್ತದೆ. ಈ ಪ್ರಶ್ನೆಯನ್ನು ಪುಸ್ತಕ ಎತ್ತಿಯೇ ಇಲ್ಲ.

ಈ ಕಪ್ಪು ತಾತ್ಕಾಲಿಕ. ಬೆಳ್ಳಿಯ ತಂತಿ ಕೂರಿಸಿ ಉಜ್ಜಿದಾಗ ಅಳಿಸಿಹೋಗುತ್ತದೆ. ಶಾಶ್ವತವಾದ ಕಪ್ಪಿಗೆ ಕೋಟೆಯ ಮಣ್ಣು ಬೇಕು: ಬಿಸಿಲು ಮಳೆ ತಾಗದೆ ಬಹುಕಾಲ ಬಿದ್ದಿರುವ ಮಣ್ಣು. ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ಅವರು ಹುಡುಕುವ ರುಚಿ ನೈಟ್ರೇಟುಗಳದು. ನೈಟ್ರೇಟುಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಮಳೆ ಬಿದ್ದಲ್ಲಿ ಕೊಚ್ಚಿಹೋಗುತ್ತವೆ, ಮಾಡಿನ ಮರೆಯಲ್ಲಿ ಉಳಿಯುತ್ತವೆ. ನವಸಾಗರದೊಡನೆ ಈ ಮಣ್ಣನ್ನು ಕುದಿಸಿದ ನೀರು ಸತುವನ್ನು ಕರಗಿಸುತ್ತದೆ. ತಾಮ್ರ ಮೇಲ್ಮೈಯಲ್ಲಿ ಉಳಿದು ಕಪ್ಪು ಪದರಕ್ಕೆ ಕಾರಣವಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಪ್ಲಸ್ 0.80 ಎಂಬುದರ ಅರ್ಥ ಇಷ್ಟೇ. ಕೋಟೆ ಸಂರಕ್ಷಿತ ಸ್ಮಾರಕ. ಅಲ್ಲಿಂದ ಮಣ್ಣು ತನ್ನಿರೆಂದು ಮಕ್ಕಳನ್ನು ಕಳಿಸಲಾಗದು, ಕಳಿಸಲೂಬಾರದು. ಪ್ರಯೋಗಾಲಯದ ಪೆಟ್ಲುಪ್ಪೇ ಸಾಕು.

ಸತುವಿನದಂತೂ ಇನ್ನೂ ಸ್ವಾರಸ್ಯದ ಕಥೆ. ಅದು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಕುಲುಮೆಯಲ್ಲಿ ಆವಿಯಾಗಿ ತಪ್ಪಿಸಿಕೊಳ್ಳುತ್ತದೆ. ಆ ಆವಿಯನ್ನು ಕೆಳಮುಖವಾಗಿ ಹರಿಸಿ ತಣಿಸುವ ವಿದ್ಯೆಯನ್ನು ರಾಜಸ್ಥಾನದ ಜಾವರ್‌ನ ಗಣಿಗಾರರು ಕರಗತ ಮಾಡಿಕೊಂಡಿದ್ದರು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಅಂಥದ್ದೇ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

‘ಇದೆಲ್ಲ ಸಿಇಟಿಯಲ್ಲಿ, ನೀಟ್‌ನಲ್ಲಿ ಬರುತ್ತದೆಯೇ?’ ಎಂದು ಪೋಷಕರೊಬ್ಬರು ಕೇಳಿದರು. ಬಿದ್ರಿ ಎಂಬ ಹೆಸರು ಬರಲಾರದು ಎಂದೆ. ಅವರ ಆತಂಕ ಸುಳ್ಳಲ್ಲ. ಸಾಲ ಮಾಡಿ ಓದಿಸುವ ಮನೆಗಳಿವು. ಒಂದು ಎರಕದ ತುಣುಕಿಗೆ ನಾನು ಎರಡು ತರಗತಿಗಳನ್ನು ವ್ಯಯಿಸಿದೆ, ಆ ವರ್ಷದ ಕೊನೆಯ ಅಧ್ಯಾಯವನ್ನು ಅವಸರದಲ್ಲಿ ಮುಗಿಸಿದೆ. ಆದರೆ ಎನ್‌ಸಿಇಆರ್‌ಟಿಯ ಪ್ರಯೋಗ ಕೈಪಿಡಿಯ ಯೋಜನಾ ಕಾರ್ಯಗಳಲ್ಲಿ ಪೇರಲೆಹಣ್ಣಿನ ಆಕ್ಸಲೇಟ್‌ಗೆ, ಹಾಲಿನ ಕೇಸೀನ್‌ಗೆ ಸ್ಥಾನವಿದೆ. ಬೀದರಿನ ಕಾಲೇಜುಗಳಲ್ಲಾದರೂ ಬಿದ್ರಿಗೆ ಅಂಥದ್ದೊಂದು ಸ್ಥಾನ ಕೊಡಲು ಅಡ್ಡಿಯೇನು? ತಂದೆಯ ಕಸುಬಿನಲ್ಲಿ ವಿಜ್ಞಾನವಿದೆಯೆಂದು ಆ ಹುಡುಗನಿಗೆ ಕಾಲೇಜಿನಲ್ಲಿ ಯಾರೂ ಅದುವರೆಗೆ ಹೇಳಿರಲಿಲ್ಲ. ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ.

ಆ ಪಾಠ ಮುಗಿದ ದಿನ ಔರಾದ್ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ಬೆಳ್ಳಿ ಕರ್ರಗ ಆಗಂಗಿಲ್ಲ ಅಂದ್ರಿ. ನಮ್ಮ ಆಯಿ ಕಾಲಾನ ಕಡಗ ಯಾಕ ಕರ್ರಗ ಆಗ್ಯಾವ್ರಿ?’ ಗಾಳಿಯಲ್ಲಿನ ಗಂಧಕ, ಬೆಳ್ಳಿಯ ಸಲ್ಫೈಡು ಎಂದು ಉತ್ತರ ಆರಂಭಿಸುವಷ್ಟರಲ್ಲಿ ಗಂಟೆ ಬಾರಿಸಿತು. ಯಾರೂ ಏಳಲಿಲ್ಲ.